ಅಮ್ಮನ ಹೆಸರಿನ ಒಂದು ದೀರ್ಘ

ಅಕ್ಕ, ಭಾವ ಇಬ್ಬರೂ ಪರದೇಶದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ನಾಲ್ಕು ವರ್ಷದ ಮಗಳಿಗೆ ಒಂದು ಗೀರೂ ಆಗಿರಲಿಲ್ಲ. ಅಲ್ಲಿನ ಸರ್ಕಾರ ಮಗುವನ್ನು ಅನಾಥಾಲಯಕ್ಕೆ ಸೇರಿಸಿ, ಇಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ತಂಗಿಗೆ ಕಾಗದ ಬರೆಯಿತು: ನೀವಿಬ್ಬರೂ ಒಡಹುಟ್ಟಿದವರೆಂದು ತೋರಿಸುವ ಜನನ ಪತ್ರಗಳಿಗೆ ನಿಮ್ಮ ವಿದೇಶಾಂಗ ಕಚೇರಿಯ ಮೊಹರು ಹಾಕಿಸಿ, ತೊಂಬತ್ತು ದಿನದೊಳಗೆ ಕಳಿಸಿ. ತಪ್ಪಿದರೆ ಮಗುವನ್ನು ಬೇರೆಯವರಿಗೆ ದತ್ತು ಕೊಡಲಾಗುವುದು.

ತೊಂಬತ್ತು ದಿನ ಧಾರಾಳವಾಯಿತು ಅಂದುಕೊಂಡಳು. ಅಂಗಡಿಗೆ ಬೀಗ ಹಾಕಿ ಮರುದಿನವೇ ಸಾಲಿನಲ್ಲಿ ನಿಂತಳು. ಕಿಟಕಿಯಾಚೆಯ ಗುಮಾಸ್ತ ಅಕ್ಕನ ಪತ್ರ ಇಟ್ಟುಕೊಂಡು ಇವಳದನ್ನು ಹಿಂದಕ್ಕೆ ತಳ್ಳಿದ.

"ಇದಕ್ಕೆ ಸಹಿ ಹಾಕಿದ ಅಧಿಕಾರಿಯ ಮಾದರಿ ಸಹಿ ನಮ್ಮ ಹತ್ರ ಇಲ್ಲಮ್ಮ. ಹೋಲಿಸಿ ನೋಡದೆ ಮೊಹರು ಹೇಗೆ ಹಾಕ್ಲಿ?"

"ಅವರನ್ನೇ ಕರ್ಕೊಂಡು ಬರ್ಲಾ ಸರ್?"

"ಅವರು ಸತ್ತು ಹತ್ತು ವರ್ಷ ಆಯ್ತು. ಹೊಸ ಪ್ರತಿ ತಗೊಂಡ್ಬನ್ನಿ."

ನೋಂದಣಿ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಯಿತು. ಐವತ್ತನೆಯ ದಿನ ಹೊಸ ಪ್ರತಿ ಕೈಗೆ ಬಂತು. ಅದರಲ್ಲಿ ಅಮ್ಮನ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿತ್ತು. ಕಾಗದದ ಲೆಕ್ಕದಲ್ಲಿ ಈಗ ಅಕ್ಕನ ತಾಯಿ ಬೇರೆ, ಇವಳ ತಾಯಿ ಬೇರೆ.

"ಒಂದೇ ಹೊಟ್ಟೇಲಿ ಹುಟ್ಟಿದವರು ಸರ್. ಫೋಟೋ ನೋಡಿ, ಮುಖ ನೋಡಿದ್ರೇ ಗೊತ್ತಾಗಲ್ವಾ?"

"ಮುಖಕ್ಕೆ ಮೊಹರು ಹಾಕಕ್ಕಾಗಲ್ಲಮ್ಮ." ಅವನೇನೂ ತಮಾಷೆ ಮಾಡುತ್ತಿರಲಿಲ್ಲ.

ಅನಾಥಾಲಯದವರು ಭಾನುವಾರ ಹತ್ತು ನಿಮಿಷ ಮಗುವಿನ ಜೊತೆ ಫೋನಿನಲ್ಲಿ ಮಾತಾಡಲು ಬಿಡುತ್ತಿದ್ದರು.

"ಚಿಕ್ಕಮ್ಮಾ, ಯಾವಾಗ ಬರ್ತೀಯಾ?"

"ಒಂದು ಮೊಹರು ಬಿದ್ದ ತಕ್ಷಣ ಬಂದ್ಬಿಡ್ತೀನಿ ಪುಟ್ಟಿ."

"ಮೊಹರು ಅಂದ್ರೇನು?"

"ಗುಂಡಗೆ ಒಂದು ಗುರುತು."

"ನಂಗೆ ಬರುತ್ತೆ. ನಾನೇ ಬರ್ದು ಕೊಡ್ಲಾ?"

ಅವಳು ಫೋನನ್ನು ದೂರ ಹಿಡಿದು ಅತ್ತಳು. ವಾರದಿಂದ ವಾರಕ್ಕೆ ಮಗುವಿನ ಬಾಯಲ್ಲಿ ಆ ದೇಶದ ಮಾತು ಹೆಚ್ಚಾಯಿತು, ಇವಳಿಗೆ ಅರ್ಥವಾಗುವುದು ಕಡಿಮೆಯಾಯಿತು. ಇನ್ನೂ ಕಾಲಾವಕಾಶ ಕೊಡಿ ಎಂದು ಬರೆದ ಎರಡು ಪತ್ರಗಳಿಗೆ ಉತ್ತರವಿಲ್ಲ.

ದೀರ್ಘ ಸರಿಹೋಗಿ ಮೊಹರು ಬಿದ್ದದ್ದು ತೊಂಬತ್ತೇಳನೆಯ ದಿನ. ಗುಮಾಸ್ತ ತಾನೇ ಎದ್ದು ಬಂದು ಪತ್ರಗಳನ್ನು ಅವಳ ಕೈಗಿಟ್ಟ. ಆದದ್ದಾಗಲಿ ಎಂದು ಅವತ್ತೇ ಕಳಿಸಿದಳು.

ಮೂರು ವಾರಕ್ಕೆ ಉತ್ತರ ಬಂತು. ದಾಖಲೆಗಳು ಕ್ರಮಬದ್ಧವಾಗಿವೆ. ಮಗು ಈಗಾಗಲೇ ಒಂದು ಕುಟುಂಬ ಸೇರಿದೆ. ಕಾನೂನಿನಂತೆ ವಿಳಾಸ ತಿಳಿಸಲಾಗದು. ಮಗುವಿನ ಹೆಸರನ್ನೂ ಬದಲಾಯಿಸಲಾಗಿದೆ.

ಹೊಸ ಹೆಸರೇನೆಂದು ಬರೆದಿರಲಿಲ್ಲ. ಅವಳು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು.