ಗೂಡಿನ ದೀಪ

ರಾಮನಗರದ ಮುನವ್ವರಾ ಮೂವತ್ತು ವರ್ಷದಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದವಳು. ಗೂಡು ಬೆಳಗ್ಗೆ ಮಾರ್ಕೆಟ್ಟಿನಿಂದ ಬಂದರೆ ಸಂಜೆಯೊಳಗೆ ಕುದಿನೀರಿಗೆ ಬೀಳುತ್ತಿತ್ತು. ಒಳಗಿನ ಹುಳು ಅಲ್ಲೇ ಸಾಯುತ್ತಿತ್ತು. ಅದನ್ನು ಬೇರೆಯಾಗಿ ಸಾಯಿಸಬೇಕೆಂಬ ಯೋಚನೆಯೇ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಹಾಗಾಗಿ ಮಗಳು ಅಸ್ರಾ ದೀಪ ಮಾಡಲು ಆರುನೂರು ಗೂಡು ಕೇಳಿದಾಗ ಬೆಳ್ಳಗಿರುವುದನ್ನೇ ಆರಿಸಿ, ಹಾಗೇ ಕೊಟ್ಟುಬಿಟ್ಟಳು. ಡಿಸೈನ್ ಓದಿದ ಅಸ್ರಾಗೆ ಇದೇ ಮೊದಲ ಕೆಲಸ. ಸಾವನದುರ್ಗದ ತಪ್ಪಲಲ್ಲಿ ರೆಸಾರ್ಟ್ ಕಟ್ಟಿಸಿದ್ದ ಶಿವಕುಮಾರ್, ಮುಂಭಾಗದ ಹಾಲ್‌ಗೆ ಹಾಕುವ ದೀಪ ಒಪ್ಪಿದರೆ ಹನ್ನೆರಡು ರೂಮಿನ ದೀಪವೂ ನಿನ್ನದೇ ಅಂದಿದ್ದ. ಅಸ್ರಾ ಗೂಡುಗಳನ್ನು ತಂತಿಗೆ ಅಂಟಿಸಿ ಸೂರಿನಿಂದ ಮೋಡದ ಹಾಗೆ ಇಳಿಬಿಟ್ಟಿದ್ದಳು. ಯಾರಾದರೂ ಕೆಳಗೆ ನಿಂತರೆ ಬೆಳಕು ಮೆಲ್ಲಗೆ ಏರುತ್ತಿತ್ತು, ಸರಿದರೆ ಇಳಿಯುತ್ತಿತ್ತು.

ಗೂಡು ಕೊಟ್ಟ ಎಂಟನೇ ದಿನ ಬೆಳಗ್ಗೆ ದೀಪ ಒಪ್ಪಿಸಲು ತಾಯಿ ಮಗಳು ಇಬ್ಬರೂ ಹೋದರು. ಅಸ್ರಾ ಒಳಗೆ ಕಾಲಿಟ್ಟಳು. ಬೆಳಕು ಏರಿತು. ಮೋಡ ಮಿಸುಕಾಡಿತು.

ಅರ್ಧಕ್ಕರ್ಧ ಗೂಡಿಗೆ ತೂತು. ತೂತಿನಿಂದ ಈಚೆ ಬಂದ ಚಿಟ್ಟೆಗಳು ತಂತಿ ಕಚ್ಚಿಕೊಂಡು ಒದ್ದೆ ರೆಕ್ಕೆ ಅದುರಿಸುತ್ತಿದ್ದವು. ಕೆಳಗಿದ್ದ ಬಿಳಿ ಸೋಫಾದ ತುಂಬ ಕಂದು ಕಲೆ.

ಮುನವ್ವರಾ ಆ ಸೋಫಾದ ಮೇಲೇ ಕೂತಳು. ಲಕ್ಷಾಂತರ ಗೂಡು ಬಿಚ್ಚಿದ್ದ ಅವಳು ಒಂದು ಚಿಟ್ಟೆಯ ಮುಖವನ್ನೂ ನೋಡಿರಲಿಲ್ಲ. ತೋಳಿನ ಮೇಲೆ ಬಿದ್ದ ಇದಕ್ಕೆ ಕಣ್ಣಿತ್ತು. ಗರಿಯಂಥ ಮೀಸೆಯಿತ್ತು.

"ಒಳಗೆ ಇದು ಇತ್ತಾ?" ಅಂದಳು, ಯಾರನ್ನೂ ಕೇಳದೆ.

ಅಷ್ಟರಲ್ಲಿ ಬಂದ ಶಿವಕುಮಾರ್ ಕತ್ತೆತ್ತಿ ನಿಂತುಬಿಟ್ಟ. ಬೈಗುಳಕ್ಕೆ ಕಾದವರ ಮುಂದೆ ಫೋನು ತೆಗೆದು ವಿಡಿಯೊ ಮಾಡಿಕೊಂಡ. ಜೀವ ಇರೋ ದೀಪ, ಎಲ್ಲ ರೂಮಿಗೂ ಇಂಥದ್ದೇ ಹಾಕು ಅಂದ. ಅಸ್ರಾ ಹೂಂ ಅನ್ನುವಷ್ಟರಲ್ಲಿ ತಾಯಿ ಬಾಯಿ ಹಾಕಿದಳು.

"ತಪ್ಪು ನಂದು ಸಾ, ಹಬೆಗಿಟ್ಟು ಸಾಯಿಸಿ ಕೊಡಬೇಕಿತ್ತು. ಇವು ನಾಕು ದಿನಕ್ಕೆ ಸತ್ತು ನಿಮ್ಮ ಗಿರಾಕಿ ದಿಂಬಿನ ಮೇಲೆ ಉದುರ್ತವೆ."

ಶಿವಕುಮಾರನ ನಗು ಇಂಗಿತು. "ಸಾಯಿಸಿದ್ದನ್ನ ಜನರ ತಲೆ ಮೇಲೆ ನೇತಾಕಾದಾ? ಬ್ಯಾಡ ಬುಡವ್ವ."

ಮಗಳ ಮುಖ ನೋಡಲಾಗದೆ ಮುನವ್ವರಾ ಮೇಲೆ ನೋಡಿದಳು. ತೂತು ಬಿದ್ದ ಗೂಡುಗಳಿಂದಲೇ ಬೆಳಕು ಹೆಚ್ಚು ಸುರಿಯುತ್ತಿತ್ತು.

"ರೈತರಿಗೆ ಹುಳದ ಮೊಟ್ಟೆ ಮಾಡಿ ಕೊಡೋ ಕೋಠೀಲಿ ಚಿಟ್ಟೆ ಈಚೆ ಬಂದ ಗೂಡು ಮೂಟೆಗಟ್ಟಲೆ ಬಿದ್ದಿರ್ತವೆ. ನೂಲು ಬರಲ್ಲ ಅಂತ ನಾವು ಮುಟ್ಟಲ್ಲ. ನನ್ ಮಗಳು ಅದ್ರಲ್ಲಿ ಮಾಡ್ತಾಳೆ. ಒಳಗೆ ಯಾರೂ ಇರಲ್ಲ."

ಅವನು ಮತ್ತೆ ಕತ್ತೆತ್ತಿ ನೋಡಿ, ಹಂಗಾರೆ ಹನ್ನೆರಡೂ ಮಾಡು, ಸೋಫಾ ತೊಳೆಸಿಕೊಡು ಅಂದ.

ಅಸ್ರಾ ಕಣ್ಣೊರೆಸಿಕೊಂಡು ತಾಯಿಯನ್ನು ಎಬ್ಬಿಸಲು ಕೈ ಚಾಚಿದಳು. ಮುನವ್ವರಾ ಏಳಲಿಲ್ಲ. ಅವಳ ತೋಳಿನ ಮೇಲೆ ಎರಡು ಚಿಟ್ಟೆ ಬಾಲಕ್ಕೆ ಬಾಲ ಸೇರಿಸಿ ಕೂತಿದ್ದವು. ಅವನ್ನು ಬಿಡಿಸದೆ ಏಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.