ಸೊಟ್ಟ ಲೇಬಲ್

ಬೆಳಿಗ್ಗೆ ಎಂಟಕ್ಕೆ ನಿಂತರೆ ದೊಡ್ಡಕ್ಕ ಕಾಲು ಮಡಿಸುವುದು ಸಂಜೆ ಆರಕ್ಕೇ. ನಡುವೆ ಊಟಕ್ಕೆ ಅರ್ಧ ಗಂಟೆ. ಲೇಬಲ್ ವಿಭಾಗದಲ್ಲಿ ಕೂರುವ ಪದ್ಧತಿ ಇರಲಿಲ್ಲ. ಕೂತರೆ ಕೈ ನಿಧಾನವಾಗುತ್ತದೆ ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಅವನು ಅದನ್ನು ಹೇಳುತ್ತಿದ್ದದ್ದು ಕುರ್ಚಿಯಲ್ಲಿ ಕೂತುಕೊಂಡು.

ಕೆಲಸ ಹೇಳುವುದಕ್ಕೆ ಸುಲಭ. ಎಡಗೈಯಲ್ಲಿ ಮದ್ಯದ ಬಾಟಲಿ. ಬಲಗೈಯಲ್ಲಿ ಲೇಬಲ್. ಲೇಬಲ್ಲನ್ನು ಅಂಟಿನ ತಟ್ಟೆಗೆ ಮುಟ್ಟಿಸಿ, ಬಾಟಲಿಯ ಹೊಟ್ಟೆಗೆ ಇಟ್ಟು, ಕೆಳಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಬೇಕು. ಮುಂದಿನದು. ದೊಡ್ಡ ಬಾಟಲಿಗೆ ಯಂತ್ರ ಇತ್ತು. ಜೇಬಿನಲ್ಲಿ ಹಿಡಿಸುವ ಚಿಕ್ಕ ಬಾಟಲಿಗೆ ಮಾತ್ರ ಹೆಂಗಸರು. ಯಂತ್ರಕ್ಕಿಂತ ಹೆಂಗಸರು ಅಗ್ಗ ಎಂದು ಮೇಲಿನವರು ಎಂದೋ ತೀರ್ಮಾನಿಸಿ ಆಗಿತ್ತು.

ಹದಿನಾರು ವರ್ಷ ಅಂಟು ತಿಂದು ಅವಳ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಗೇಟಿನ ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಕೆಂಪು ದೀಪ ಹಾಕುತ್ತಿತ್ತು.

"ದೊಡ್ಡಕ್ಕ, ನೀನ್ಯಾರು ಅಂತ ಇದಕ್ಕೆ ಇವತ್ತೂ ಗೊತ್ತಿಲ್ವಂತೆ," ಎಂದು ಕಾವಲುಗಾರ ನಕ್ಕು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ.

"ನನಗೂ ಅಷ್ಟಾಗಿ ಗೊತ್ತಿಲ್ಲಪ್ಪ, ಅದನ್ನ ಬೈಯಬೇಡ."

ದಿನಕ್ಕೆ ಅವಳು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ. ಎರಡು ವರ್ಷದ ಹಿಂದೆ ಮಗ ಸತ್ತ ಮೇಲೆ ಜನ ಅವಳ ಹತ್ತಿರ ಮಾತು ಕಡಿಮೆ ಮಾಡಿದ್ದರು. ಕೆಟ್ಟವರೇನಲ್ಲ. ಏನು ಕೇಳಿದರೆ ಅತ್ತುಬಿಡುತ್ತಾಳೋ ಎಂಬ ಅಂಜಿಕೆ. ಅವಳಿಗೋ ಯಾರಾದರೂ ಕೇಳಿದರೆ ಸಾಕು, ಅಳದೇ ಹೇಳಬಲ್ಲೆ ಎಂಬ ಆಸೆ. ಆದರೆ ಯಾರೂ ಕೇಳದಿದ್ದಾಗ ಹೇಳುವುದು ಹೇಗೆ?

ಮನೆ ಎಂದರೆ ಒಂದು ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಒಲೆ, ಎರಡು ಲೋಟ. ಮಗನಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಚಾಳಿ ಇತ್ತು. ಮಾತಾಡುವಾಗ, ಸುಮ್ಮನಿರುವಾಗ, ಮಂಚ ಸದಾ ಕಿರ್ ಕಿರ್ ಎನ್ನುತ್ತಿತ್ತು. "ಅಲ್ಲಾಡಿಸಬೇಡ್ವೋ, ಮಂಚ ಮುರಿಯುತ್ತೆ," ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಈಗ ಮಂಚಕ್ಕೆ ದನಿ ಇಲ್ಲ. ಒಂದೆರಡು ಸಂಜೆ ಅವಳೇ ಅಂಚಿನಲ್ಲಿ ಕೂತು ಕಾಲು ಅಲ್ಲಾಡಿಸಿ ನೋಡಿದ್ದಳು. ಅವಳ ತೂಕಕ್ಕೆ ಅದು ಕಿರುಗುಟ್ಟಲಿಲ್ಲ.

ಹುಡುಗ ಅದೇ ಕಾರ್ಖಾನೆಯಲ್ಲಿ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ಶನಿವಾರ ಹೆಚ್ಚು ಹೊತ್ತು ದುಡಿದವರಿಗೆ ಫೋರ್‌ಮನ್ ಕಾಸು ಕೊಡುತ್ತಿರಲಿಲ್ಲ, ಬಾಟಲಿ ಕೊಡುತ್ತಿದ್ದ. ಲೇಬಲ್ ಸೊಟ್ಟಗಾದ ಬಾಟಲಿಯನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಅಂಥವನ್ನು ಒಂದು ಕಡೆ ಕೂಡಿಟ್ಟು ಲೋಡಿಂಗ್ ಹುಡುಗರಿಗೆ ಹಂಚುವುದು ಅಲ್ಲಿಯ ರೂಢಿ. ಕಾನೂನಿನ ಪ್ರಕಾರ ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಹುಡುಗರಲ್ಲಿ ಅರ್ಧ ಜನಕ್ಕೆ ಮೀಸೆಯೇ ಸರಿಯಾಗಿ ಬಂದಿರಲಿಲ್ಲ. ಕೇಳಿದರೆ ಫೋರ್‌ಮನ್, "ಮಾರಿದ್ರೆ ತಪ್ಪು ಕಣಮ್ಮ, ಕೊಟ್ಟರೆ ಏನು ತಪ್ಪು?" ಎನ್ನುತ್ತಿದ್ದ.

ಆ ಶನಿವಾರ ಮೂರನೇ ಲಾರಿ ಬರುವ ಮುಂಚೆಯೇ ಹುರುಪಿಗೆಂದು ಬಾಟಲಿ ಹಂಚಿದರು. ಹಿಂದಕ್ಕೆ ಬರುತ್ತಿದ್ದ ಲಾರಿಗೂ ಸರಕು ಹೇರುವ ಕಟ್ಟೆಗೂ ನಡುವೆ ಹುಡುಗ ಸಿಕ್ಕಿಕೊಂಡ. ಹತ್ತೊಂಬತ್ತು ವರ್ಷ. ಕಂಪನಿಯಿಂದ ಕಾಗದ ಬಂತು: ಮೃತನಿಗೆ ಇಪ್ಪತ್ತೊಂದು ತುಂಬಿರಲಿಲ್ಲ, ಕಾನೂನು ಮೀರಿ ಕುಡಿದಿದ್ದನು, ಆದ್ದರಿಂದ ಕಂಪನಿ ಹೊಣೆಯಲ್ಲ.

ಅಲ್ಲಿಗೆ ಮುಗಿಯಿತು.

ಎರಡು ವರ್ಷವಾದ ಮೇಲೆ ಒಂದು ಶನಿವಾರ ಮ್ಯಾನೇಜರ್ ಅವಳನ್ನು ಒಳಗೆ ಕರೆಸಿದ.

"ಬನ್ನಿ ದೊಡ್ಡಕ್ಕ. ಕೂತ್ಕೊಳ್ಳಿ."

ಅವಳು ಹಿಂದೆ ತಿರುಗಿ ನೋಡಿದಳು. ಈ ಬನ್ನಿ, ಕೂತ್ಕೊಳ್ಳಿ ಎಲ್ಲ ಬೇರೆ ಯಾರಿಗಾದರೂ ಇರಬಹುದು ಎಂದುಕೊಂಡಳು. ಯಾರೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

"ನಿಮ್ಮ ಮಗ ಹೇಗಿದ್ದ?" ಎಂದ ಮ್ಯಾನೇಜರ್.

ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ದೊಡ್ಡಕ್ಕ ಹೇಳಿದಳು. ನಾಯಿ ಕಂಡರೆ ಹೆದರುತ್ತಿದ್ದದ್ದು, ನಿಂತುಕೊಂಡೇ ಉಣ್ಣುತ್ತಿದ್ದದ್ದು, ಕೂತರೆ ಕಾಲು ಅಲ್ಲಾಡಿಸುತ್ತಿದ್ದದ್ದು. ಮ್ಯಾನೇಜರ್ ತಲೆಯಾಡಿಸುತ್ತ ಬರೆದುಕೊಂಡ. ಅವಳು ಅಳಲಿಲ್ಲ. ಎದೆ ಹಗುರಾಗಿ, ಇವನನ್ನು ತಾನು ಇಷ್ಟು ದಿನ ಸುಮ್ಮನೆ ಬೈದುಕೊಂಡೆನಲ್ಲ ಎನಿಸಿತು.

"ನೋಡಿ, ಸರ್ಕಾರ ಕುಡಿಯೋ ವಯಸ್ಸನ್ನ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಬೇಕಾ ಬೇಡವಾ ಅಂತ ಜನರನ್ನ ಕೇಳ್ತಿದೆ," ಎಂದ ಮ್ಯಾನೇಜರ್. "ಶುಕ್ರವಾರ ಅಹವಾಲು ಸಭೆ. ಅಲ್ಲಿ ನೀವು ನಾಲ್ಕು ಮಾತು ಹೇಳಬೇಕು. ಬರೆದುಕೊಡ್ತೀನಿ, ಬಾಯಿಪಾಠ ಮಾಡಿಕೊಳ್ಳಿ. ಆಮೇಲೆ ನಿಮ್ಮನ್ನ ಬಾಟಲಿ ಪರೀಕ್ಷೆಗೆ ಹಾಕೋಣ."

ಬಾಟಲಿ ಪರೀಕ್ಷೆ ಎಂದರೆ ದೀಪದ ಮುಂದೆ ಬಾಟಲಿ ಹಿಡಿದು ಕಸ ನೋಡುವ ಕೆಲಸ. ಸ್ಟೂಲ್ ಮೇಲೆ ಕೂತು ಮಾಡುವ ಕೆಲಸ. ದೊಡ್ಡಕ್ಕ ತನ್ನ ಊದಿದ ಕಾಲುಗಳನ್ನು ನೋಡಿಕೊಂಡಳು.

"ಆಗಲಿ ಸಾರ್," ಎಂದಳು.

ಸೋಮವಾರ ಹೊಸ ಲೇಬಲ್ ಕಟ್ಟು ಬಂತು. ದೊಡ್ಡಕ್ಕನಿಗೆ ಓದು ಬರದು. ಆದರೆ ಹೆಬ್ಬೆರಳು ಒತ್ತುವ ಕೆಳಗಿನ ಅಂಚಿನಲ್ಲಿ ಏನಿರುತ್ತದೆ ಎಂದು ಗೊತ್ತು. ಹದಿನಾರು ವರ್ಷ ಅಲ್ಲಿ ಎರಡರ ಪಕ್ಕ ಒಂದು ಇತ್ತು. ಇವತ್ತು ಒಂದರ ಪಕ್ಕ ಎಂಟು ಇತ್ತು.

ಪಕ್ಕದಲ್ಲಿ ನಿಲ್ಲುತ್ತಿದ್ದವಳಿಗೆ ಎಲ್ಲರೂ ಪೇಪರ್ ಎಂದು ಹೆಸರಿಟ್ಟಿದ್ದರು. ಆರನೇ ತರಗತಿ ಓದಿದ್ದಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು, ಓದಿದ್ದನ್ನು ಸಂಜೆಯೊಳಗೆ ಕಾರ್ಖಾನೆಗೆಲ್ಲ ಹಂಚುತ್ತಿದ್ದಳು.

"ಪೇಪರ್, ಇದೇನೇ ಇದು?"

ಪೇಪರ್ ಬಗ್ಗಿ ಓದಿದಳು. "ಹದಿನೆಂಟು ವರ್ಷದೊಳಗಿನವರಿಗೆ ಮಾರುವಂತಿಲ್ಲ." ಆಮೇಲೆ ಅವಳ ಬಾಯಿ ತೆರೆದೇ ಉಳಿಯಿತು. "ಅಲ್ಲಾ, ಶುಕ್ರವಾರ ತಾನೇ ಕೇಳೋದು? ತೀರ್ಮಾನ ಮುಂದಿನ ತಿಂಗಳು ತಾನೇ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ದಾರಲ್ಲೇ ಇವರು!"

"ಮಾತು ಸಾಕು, ಅಂಟಿಸಿ," ಸೂಪರ್‌ವೈಸರ್ ಕುರ್ಚಿಯಿಂದಲೇ ಕೂಗಿದ. "ಈಗ ಹೊರಗೆ ಹೋಗಲ್ಲ ಅದು. ಗೋಡೌನಿನಲ್ಲಿ ಇರುತ್ತೆ."

ಅಂಟಿಸಿದರು.

ಮಂಗಳವಾರ ಮ್ಯಾನೇಜರ್ ಕಳಿಸಿದ ಕಾಗದ ಬಂತು. ಊಟದ ಹೊತ್ತಿಗೆ ಪೇಪರ್ ಅದನ್ನು ಓದಿ ಹೇಳಿದಳು. 'ನಾನೊಬ್ಬ ನತದೃಷ್ಟ ತಾಯಿ. ನನ್ನ ಮಗನಿಗೆ ಹತ್ತೊಂಬತ್ತು ವರ್ಷ. ವಯಸ್ಸು ಸಾಲದೆಂದು ಅಂಗಡಿಯವರು ಅವನಿಗೆ ಮದ್ಯ ಕೊಡಲಿಲ್ಲ. ಅವನು ಹಿಂದಿನ ಓಣಿಯಲ್ಲಿ ಕದ್ದು ಕಳ್ಳಬಟ್ಟಿ ಕುಡಿದು, ಮತ್ತಿನಲ್ಲಿ ಲಾರಿಗೆ ಸಿಕ್ಕಿದನು. ಹದಿನೆಂಟಕ್ಕೆ ಅನುಮತಿ ಇದ್ದಿದ್ದರೆ ಒಳ್ಳೆಯ ಮದ್ಯವನ್ನು ಮಿತವಾಗಿ ಕುಡಿದು ಇಂದು ಬದುಕಿರುತ್ತಿದ್ದನು.'

"ಮುಂದೆ?" ಎಂದಳು ದೊಡ್ಡಕ್ಕ.

"ಅಷ್ಟೇ ಅಕ್ಕ."

"ಕಾಲು ಅಲ್ಲಾಡಿಸ್ತಿದ್ದದ್ದು?"

"ಅದೇನೂ ಇಲ್ಲವಲ್ಲ ಅಕ್ಕ."

ದೊಡ್ಡಕ್ಕ ಡಬ್ಬಿಯ ಮುಚ್ಚಳ ಮುಚ್ಚಿದಳು. ಊಟ ಅರ್ಧ ಹಾಗೇ ಇತ್ತು.

ಆ ಸಂಜೆ ಮಂಚದ ಮೇಲೆ ಕೂತು, ಪೇಪರ್ ಓದಿದ್ದನ್ನು ನೆನೆದು, ಒಂದೊಂದೇ ಸಾಲನ್ನು ಬಾಯಿಪಾಠ ಮಾಡಲು ನೋಡಿದಳು. ಸ್ಟೂಲಿನ ಆಸೆ ಇನ್ನೂ ಇತ್ತು, ಸುಳ್ಳು ಹೇಳಬಾರದು. ಸತ್ತವನಿಗೆ ಇನ್ನೇನು ನೋವು, ಬದುಕಿದ ಕಾಲಿಗಾದರೂ ಸುಖ ಸಿಗಲಿ ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ಸಾಲು ಸಲೀಸಾಗಿ ಬಂದವು. ಹಿಂದಿನ ಓಣಿಯ ಸಾಲಿಗೆ ಬಂದಾಗ ನಾಲಿಗೆ ನಿಲ್ಲುತ್ತಿತ್ತು. ಯಾಕೆಂದರೆ ಅವಳು ಆ ಬಾಟಲಿಯನ್ನು ಕಣ್ಣಾರೆ ನೋಡಿದ್ದಳು. ಕಟ್ಟೆಯ ಕೆಳಗೆ ಒಡೆದು ಬಿದ್ದಿತ್ತು. ಲೇಬಲ್ ಅಂಟಿಕೊಂಡ ಚೂರು ಮಾತ್ರ ಇಡಿಯಾಗಿತ್ತು. ಅಂಟಿಸುವವರಲ್ಲಿ ಒಬ್ಬೊಬ್ಬರ ಸೊಟ್ಟ ಒಂದೊಂದು ಥರ. ಪೇಪರಿನದು ಬಲಕ್ಕೆ ವಾಲುತ್ತದೆ. ಅದು ಎಡಕ್ಕೆ ವಾಲಿತ್ತು, ಕೆಳಗಿನ ಮೂಲೆ ಸ್ವಲ್ಪ ಮಡಿಚಿಕೊಂಡಿತ್ತು. ಆ ವಾರ ಜ್ವರ ಬಂದು ಕೈ ನಡುಗುವಾಗ ಅವಳೇ ಅಂಟಿಸಿದ್ದು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಂಚಕ್ಕೂ ಹೇಳಿರಲಿಲ್ಲ.

ಶುಕ್ರವಾರ ಹೊರಡುವ ಮುಂಚೆ ದೊಡ್ಡಕ್ಕ ತನ್ನ ಮೇಜಿನಿಂದ ಒಂದು ಹೊಸ ಲೇಬಲ್ ತೆಗೆದು ಕೆಲಸದ ಮೇಲಂಗಿಯ ಜೇಬಿಗಿಟ್ಟುಕೊಂಡಳು. ಒಂದು ಬಾಟಲಿ ಮುಚ್ಚಳದಲ್ಲಿ ಚೂರು ಅಂಟು ತುಂಬಿ, ಕಾಗದ ಸುತ್ತಿ ಅದನ್ನೂ ಇಟ್ಟುಕೊಂಡಳು. ಲೇಬಲ್ ವಿಭಾಗದ ಹೆಂಗಸರನ್ನೆಲ್ಲ ಕಂಪನಿ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಮ್ಯಾನೇಜರ್ ಕೈ ಎತ್ತಿದಾಗ ಚಪ್ಪಾಳೆ ಹೊಡೆಯಬೇಕು ಎಂದು ದಾರಿಯಲ್ಲೇ ಹೇಳಿದ್ದರು.

ಸಭೆಯಲ್ಲಿ ಮೊದಲು ಒಬ್ಬ ಕಾಲೇಜು ಹುಡುಗ ಮಾತಾಡಿದ. "ಹದಿನೆಂಟಕ್ಕೆ ಓಟು ಹಾಕಬಹುದು, ಸೈನ್ಯಕ್ಕೆ ಸೇರಬಹುದು, ಜೈಲಿಗೂ ಹೋಗಬಹುದು. ಒಂದು ಲೋಟ ಎತ್ತೋದಕ್ಕೆ ಮಾತ್ರ ನಾವು ಮಕ್ಕಳಾ?" ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ ಎನಿಸಿತು ದೊಡ್ಡಕ್ಕನಿಗೆ. ಆಮೇಲೆ ಬಿಳಿ ಬಟ್ಟೆಯ ಹಿರಿಯರೊಬ್ಬರು ಎದ್ದು, ಯುವಕರು ಹಾಳಾಗುತ್ತಿದ್ದಾರೆ, ಮನೆತನಗಳು ಮುಳುಗುತ್ತಿವೆ ಎಂದರು. ಅದರಲ್ಲೂ ಸುಳ್ಳಿರಲಿಲ್ಲ. ಆದರೆ ಇಬ್ಬರ ಮಾತಿನಲ್ಲೂ ಲಾರಿ ಇರಲಿಲ್ಲ, ಕಟ್ಟೆ ಇರಲಿಲ್ಲ.

"ಈಗ ಕಾರ್ಮಿಕರ ಪರವಾಗಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿ," ಎಂದು ಮ್ಯಾನೇಜರ್ ಪರಿಚಯ ಮಾಡಿಕೊಟ್ಟ.

ದೊಡ್ಡಕ್ಕ ಮೈಕಿನ ಹತ್ತಿರ ಹೋಗಲಿಲ್ಲ. ನೇರ ಅಧಿಕಾರಿಯ ಮೇಜಿನ ಮುಂದೆ ನಿಂತಳು.

"ನನಗೆ ಬರೆದುಕೊಟ್ಟಿದ್ದು ಬೇರೆ ಇದೆ ಸಾರ್. ಬಾಯಿಪಾಠಾನೂ ಆಗಿದೆ. ಆದ್ರೆ ಅದು ನನ್ನ ಮಗ ಅಲ್ಲ, ಇನ್ಯಾರ ಮಗನೋ. ನನ್ನ ಮಗ ಓಣೀಲಿ ಕುಡೀಲಿಲ್ಲ. ಕಾರ್ಖಾನೇಲಿ ಕುಡಿದ. ದುಡಿದಿದ್ದಕ್ಕೆ ಕಾಸಿನ ಬದಲು ಬಾಟಲಿ ಕೊಟ್ಟಿದ್ರು."

"ದೊಡ್ಡಕ್ಕ!" ಮ್ಯಾನೇಜರ್ ಅರ್ಧ ಎದ್ದ.

"ಅಮ್ಮ, ಇವತ್ತಿನ ವಿಷಯ ವಯಸ್ಸಿನದು," ಎಂದರು ಅಧಿಕಾರಿ.

"ವಯಸ್ಸಿಂದೇ ಹೇಳ್ತಿದ್ದೀನಿ ಸಾರ್. ಅವನು ಸತ್ತಾಗ, ಇಪ್ಪತ್ತೊಂದು ತುಂಬಿಲ್ಲ, ತಪ್ಪು ಅವನದೇ ಅಂದ್ರು. ಈಗ ಅವನನ್ನೇ ಮುಂದಿಟ್ಟುಕೊಂಡು ಹದಿನೆಂಟು ಮಾಡಿ ಅಂತಾರೆ. ಇಪ್ಪತ್ತೊಂದು ಹೊರೋಕೂ ಅವನೇ, ಹದಿನೆಂಟು ಹೊರೋಕೂ ಅವನೇ. ಸತ್ತ ಮೇಲೂ ಎಷ್ಟು ಲೋಡ್ ಹೊರಿಸ್ತೀರಿ ಸಾರ್ ಅವನ ಮೇಲೆ?"

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ.

"ಆ ಬಾಟಲಿಗೆ ಲೇಬಲ್ ಅಂಟಿಸಿದ್ದು ನಾನೇ," ಎಂದಳು. ಮ್ಯಾನೇಜರ್ ಕಡೆ ತಿರುಗಿದಳು. "ಜ್ವರ ಬಂದಿತ್ತು. ರಜೆ ಕೊಡಲಿಲ್ಲ. ಸೊಟ್ಟ ಆಯ್ತು. ಸೊಟ್ಟ ಆಗಿದ್ದು ಅವನ ಕೈಗೆ ಹೋಯ್ತು. ಎರಡು ವರ್ಷದಿಂದ ನಾನೇ ಕೊಂದೆ ಅಂದ್ಕೊಂಡಿದ್ದೆ. ನೀವು ಬರೆದುಕೊಟ್ಟಿದ್ದನ್ನ ಪೇಪರ್ ಓದಿದ ಮೇಲೆ ಗೊತ್ತಾಯ್ತು, ನಾನಲ್ಲ ಅಂತ. ನಿಮ್ಮ ತಪ್ಪು ಇಲ್ಲದೇ ಇದ್ದಿದ್ರೆ ನೀವ್ಯಾಕೆ ಓಣಿ ಹುಡುಕ್ತಿದ್ರಿ?"

ಅವಳು ಜೇಬಿನಿಂದ ಮುಚ್ಚಳ ತೆಗೆದಳು. ಲೇಬಲ್ ತೆಗೆದಳು. ಅಂಟು ಸವರಿ ಅಧಿಕಾರಿಯ ಮೇಜಿನ ನಟ್ಟನಡುವೆ ಇಟ್ಟು, ಕೆಳಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು.

"ಸೊಟ್ಟ ಆಗಿದೆಯಾ ನೋಡಿ ಸಾರ್."

ಅಧಿಕಾರಿ ಬಗ್ಗಿ ನೋಡಿದರು. ನೆಟ್ಟಗಿತ್ತು. ಅದರಲ್ಲಿ ಬರೆದದ್ದನ್ನು ಓದಿದರು. ಮತ್ತೊಮ್ಮೆ ಓದಿದರು.

"ವಯಸ್ಸು ಎಷ್ಟಿರಬೇಕು ಅಂತ ನನಗೆ ಗೊತ್ತಿಲ್ಲ. ಓದಿದವರು ಹೇಳಲಿ," ಎಂದಳು ದೊಡ್ಡಕ್ಕ. "ಆದ್ರೆ ತೀರ್ಮಾನ ಮುಂದಿನ ತಿಂಗಳಂತೆ. ನಾವು ಇದನ್ನ ಸೋಮವಾರದಿಂದ ಅಂಟಿಸ್ತಿದ್ದೀವಿ. ಅಚ್ಚು ಹಾಕಿಸಿ ಆದ ಮೇಲೆ ನಮ್ಮನ್ನ ಏನು ಕೇಳ್ತೀರಿ?"

ಅಧಿಕಾರಿ ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಫ್ಯಾನನ್ನು ನೋಡಿದ. ಅಧಿಕಾರಿ ಗುಮಾಸ್ತನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಮೃತನ ತಾಯಿ ಭಾವುಕರಾಗಿ ಮಾತನಾಡಿದರು ಅಂತ ಬರ್ಕೋ."

ಅವರ ಮೇಜಿನ ಮೈಕು ತೆರೆದೇ ಇತ್ತು. ಎಲ್ಲರಿಗೂ ಕೇಳಿಸಿತು.

"ಸಾರ್," ಎಂದು ಹಿಂದಿನ ಸಾಲಿನಿಂದ ಪೇಪರ್ ಎದ್ದಳು. ದನಿ ಯಾವತ್ತಿನ ಹಾಗೇ ಇತ್ತು. "ಭಾವುಕ ಅಂತ ಬರೀಬೇಡಿ. ಲೇಬಲ್ ಅಂತ ಬರೀರಿ."

"ಹೌದು, ಲೇಬಲ್ ಅಂತ ಬರೀರಿ," ಎಂದಳು ಇನ್ನೊಬ್ಬಳು.

ಜವಾನ ಓಡಿಬಂದು ಉಗುರಿನಿಂದ ಲೇಬಲ್ ಕೆರೆಯತೊಡಗಿದ. ಮೂಲೆ ಏಳಲಿಲ್ಲ. ನೀರು ಹಾಕಿ ಉಜ್ಜಿದ. ಏಳಲಿಲ್ಲ. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ಬಿಡಪ್ಪ, ಸುಮ್ಮನೆ ಉಗುರು ಯಾಕೆ ಹಾಳು ಮಾಡ್ಕೋತೀಯ? ದೊಡ್ಡಕ್ಕ ಅಂಟಿಸಿದ್ದು ಅದು."

ವಾಪಸ್ಸು ಹೊರಡುವಾಗ ಸೂಪರ್‌ವೈಸರ್ ಬಸ್ಸಿನ ಬಾಗಿಲಲ್ಲಿ ಕೈ ಅಡ್ಡ ಇಟ್ಟ. "ನಿನಗೆ ಜಾಗ ಇಲ್ಲ. ನಾಳೆ ಗೇಟಿಗೂ ಬರಬೇಡ."

ದೊಡ್ಡಕ್ಕ ರಸ್ತೆಯ ಅಂಚಿಗೆ ಬಂದು ನಡೆಯತೊಡಗಿದಳು. ನಾಲ್ಕು ಮೈಲಿ ದಾರಿ. ಬಿಸಿಲು ಇನ್ನೂ ಇಳಿದಿರಲಿಲ್ಲ. ಊದಿದ ಕಾಲು ಚಪ್ಪಲಿಯ ಪಟ್ಟಿಗೆ ಒತ್ತುತ್ತಿತ್ತು. ಸ್ಟೂಲು ಹೋಯಿತು, ನಿಂತು ಮಾಡುವ ಕೆಲಸವೂ ಹೋಯಿತು. ಕೋಣೆಯ ಮಂಚ ನೆನಪಾಯಿತು.

ಹಿಂದೆ ಯಾರೋ ಏದುಸಿರು ಬಿಡುತ್ತ ಬಂದರು. ಪೇಪರ್. ಕೈಯಲ್ಲಿ ಊಟದ ಡಬ್ಬಿ ಇತ್ತು.

"ನೀನ್ಯಾಕೆ ಇಳಿದ್ಯೇ? ನಿನ್ನ ಕೆಲಸನೂ ಹೋಗುತ್ತೆ."

"ಹೋದ್ರೆ ಹೋಗಲಿ ಬಿಡು. ಬಸ್ಸಲ್ಲಿ ಸೆಖೆ ಅಕ್ಕ."

ಒಂದಷ್ಟು ದೂರ ಇಬ್ಬರೂ ನಡೆದರು. ಕಂಪನಿ ಬಸ್ಸು ಅವರನ್ನು ದಾಟಿ ಹೋಯಿತು. ಕಿಟಕಿಗಳಲ್ಲಿ ಮುಖಗಳು. ಒಳಗಿನಿಂದ ಯಾರೋ ತಗಡನ್ನು ದಡದಡ ಬಡಿಯುತ್ತಿದ್ದರು, ನಿಲ್ಲಿಸಿ, ನಿಲ್ಲಿಸಿ ಎಂದು.

"ಅಕ್ಕ," ಎಂದಳು ಪೇಪರ್. "ಎರಡು ವರ್ಷ ಪಕ್ಕದಲ್ಲೇ ನಿಂತಿದ್ದೆ. ಒಂದು ಸಲಾನೂ ಕೇಳಲಿಲ್ಲ. ಹೇಗಿದ್ದ ಅವನು?"

ದೊಡ್ಡಕ್ಕ ಮುಂದೆ ನೋಡಿದಳು. ದೂರದಲ್ಲಿ ಬಸ್ಸು ನಿಂತಿತ್ತು.

"ಕಾಲು ಅಲ್ಲಾಡಿಸ್ತಿದ್ದ ಕಣೇ," ಎಂದಳು. "ಒಂದು ಗಳಿಗೆ ಸುಮ್ಮನೆ ಕೂರೋನಲ್ಲ."