ಮಂತ್ರಿಗಳ ಕಲ್ಲು

"ನಿಮ್ಮ ಸುತ್ತಿಗಿ ಕೊಡ್ರಿ ಮೇಡಮ್, ಪೆಟ್ಟಿಗ್ಯಾಗ ಇಡೋಣು," ಎಂದರು ಪ್ರಿನ್ಸಿಪಾಲ್ ಶಿವಲಿಂಗಪ್ಪ.

"ಸುತ್ತಿಗಿ ನನಗಿನ್ನೂ ಬೇಕ್ರಿ," ಎಂದಳು ದಾಕ್ಷಾಯಿಣಿ.

ಮೇಜಿನ ಮೇಲೆ ಉಕ್ಕಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಭೂವಿಜ್ಞಾನಿಗಳು ಹೇಗೆ ಕೆಲಸ ಮಾಡುತ್ತಿದ್ದರೆಂದು ಐವತ್ತು ವರ್ಷದ ನಂತರದವರಿಗೆ ತಿಳಿಯಲಿ ಎಂದು ಅವರ ಸಂಘ ಮಾಡಿಸಿದ ಪೆಟ್ಟಿಗೆ. ದಿಕ್ಸೂಚಿ, ಭೂತಗನ್ನಡಿ, ಮಾಗೋಡಿನಿಂದ ತಂದ ಕಲ್ಲಿನ ಚೂರು ಆಗಲೇ ಒಳಗೆ ಸೇರಿದ್ದವು. ಯಲ್ಲಾಪುರದ ಈ ಕಾಲೇಜಿನ ಆವರಣದಲ್ಲಿ ಅದನ್ನು ಹೂಳಿ ಮೇಲೊಂದು ಕಲ್ಲು ನಿಲ್ಲಿಸುವುದೆಂದಾಗಿತ್ತು. ಕಲ್ಲಿನ ಮೇಲೆ ಮಂತ್ರಿಗಳ ಹೆಸರು. ಕಾಲೇಜಿನಲ್ಲಿ ಭೂವಿಜ್ಞಾನ ಬಲ್ಲವಳು ದಾಕ್ಷಾಯಿಣಿ ಒಬ್ಬಳೇ. ಅವಳ ಮಾತನ್ನೇ ಯಾರೂ ಕೇಳಿರಲಿಲ್ಲ.

ಹುಡುಗಿಯರ ಹಾಸ್ಟೆಲ್ ಕಟ್ಟಲು ಗುಡ್ಡದ ಬುಡ ಕಡಿದಿದ್ದರು. ಗುಡ್ಡ ಜಾರುತ್ತಿದೆ ಎಂದು ಅವಳು. ಗುಡ್ಡಕ್ಕೇನಾಗಿದೆ ಧಾಡಿ ಎಂದು ಉಳಿದವರು. ತೋರಿಸಿಕೊಡುವುದಕ್ಕೆಂದೇ ಹಾಸ್ಟೆಲಿನ ಮೇಲಿನ ಇಳಿಜಾರಿನಲ್ಲಿ ಕೆಂಪು ಬಣ್ಣ ಬಳಿದ ಗೂಟಗಳನ್ನು ಸಾಲಾಗಿ ಹೊಡೆದಳು. ಮಣ್ಣು ಜಾರಿದರೆ ಸಾಲು ಸೊಟ್ಟಗಾಗಬೇಕು. ಆಗುವ ಮೊದಲೇ ಗೂಟಗಳು ಮಾಯ. ಮತ್ತೆ ಹೊಡೆದಳು, ಮತ್ತೆ ಮಾಯ. ಕೇಳಿದರೆ ಎಲ್ಲರೂ ತಪ್ಪನ್ನು ದನಗಳ ಮೇಲೆ ಹಾಕಿದರು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ಸುತ್ತಿಗಿ ಇಲ್ಲಾಂದ್ರ ಮತ್ತೇನ್ ಇಡ್ತೀರಿ?" ಎಂದರು ಶಿವಲಿಂಗಪ್ಪ.

ದಾಕ್ಷಾಯಿಣಿ ಚೀಲದಿಂದ ಅರ್ಧ ಸುಟ್ಟ ಗೂಟವೊಂದನ್ನು ತೆಗೆದಳು. ಹಾಸ್ಟೆಲಿನ ಬಚ್ಚಲೊಲೆಯಲ್ಲಿ ಸಿಕ್ಕಿತೆಂದು ವಾರ್ಡನ್ ಮಮತಾ ತಂದುಕೊಟ್ಟಿದ್ದು. ತುದಿಯಲ್ಲಿ ಕೆಂಪು ಬಣ್ಣ ಇನ್ನೂ ಇತ್ತು.

"ಇದೂ ನಮ್ಮ ಕಸಬಿನ ಸಾಮಾನರಿ. ನಮ್ಮ ಮಾತಿಗೆ ಎಷ್ಟು ಕಿಮ್ಮತ್ತಿತ್ತಂತ ಮುಂದಿನವ್ರಿಗೂ ಗೊತ್ತಾಗ್ಲಿ."

ಶಿವಲಿಂಗಪ್ಪನವರ ಮುಖ ಸಣ್ಣದಾಯಿತು. ಅಲ್ಲೇ ಇದ್ದ ಸಂಘದವರ ಎದುರು ರಂಪ ಬೇಡವೆಂದು ಗೂಟವನ್ನು ಒಳಗಿಟ್ಟರು.

"ಇನ್ನೊಂದು ಮಾತ್ರಿ. ಎಲ್ಲಿ ಹೂಳಬೇಕಂತ ನಾ ತೋರಸ್ತೀನಿ."

"ಅದಕ್ಕೇನ್ರಿ, ತೋರಸ್ರಿ," ಎಂದರು ಅವರು, ಇಷ್ಟಕ್ಕೇ ಮುಗಿಯಿತಲ್ಲ ಎಂದು.

ಅವಳು ತೋರಿಸಿದ್ದು ಅದೇ ಇಳಿಜಾರನ್ನು. ಅದರ ಎಡಕ್ಕೊಂದು ಬಲಕ್ಕೊಂದು ಬಂಡೆ ಇತ್ತು. ಎರಡೂ ನೆಲದಾಳದಿಂದ ಎದ್ದವು, ಅಲುಗಾಡುವವಲ್ಲ. ಎರಡರ ಮೇಲೂ ಗುರುತು ಕೊರೆಸಿ, ನಡುವೆ ದಾರ ಎಳೆದು ಕಟ್ಟಿಸಿ, ಪೆಟ್ಟಿಗೆ ಹೂಳಿದ ಮೇಲೆ ದಾರಕ್ಕೆ ತಾಗುವಂತೆ ಕಲ್ಲು ನಿಲ್ಲಿಸಿ, ದಾರ ಬಿಚ್ಚಿಸಿದಳು. ಹೆಸರು ರಸ್ತೆಗೆ ಕಾಣುತ್ತದೆಂದು ಶಿವಲಿಂಗಪ್ಪನವರಿಗೂ ಖುಷಿಯೇ. ಮಂತ್ರಿಗಳು ಬಂದರು, ಪರದೆ ಸರಿಸಿದರು, ಹೋದರು.

"ಇದನ್ನ ಕೀಳ್ಲಿ ನೋಡೋಣು ಈಗ," ಎಂದಳು ದಾಕ್ಷಾಯಿಣಿ.

ಮಮತಾ ಸೆರಗು ಬಾಯಿಗೊತ್ತಿ ನಕ್ಕಳು. "ಮಂತ್ರಿ ಹೆಸ್ರಿಗೆ ಕೈ ಹಚ್ಚೂಕೆ ಯಾರಿಗೆ ಧೈರ್ಯ ಅದೆ ಮೇಡಂ!"

ಆಷಾಢದಲ್ಲಿ ಮಳೆ ಒಂದು ಬೆಳಿಗ್ಗೆ ನಿಂತು ಹೊಳವಾದಾಗ ದಾಕ್ಷಾಯಿಣಿ ಪ್ರಿನ್ಸಿಪಾಲರನ್ನು ಗುಡ್ಡಕ್ಕೆ ಕರೆದೊಯ್ದಳು. ಮಮತಾಳೂ ಬಂದಳು. ದಾಕ್ಷಾಯಿಣಿ ದಾರದ ಒಂದು ತುದಿಯನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟು, ಬಂಡೆಯ ಗುರುತಿನ ಮೇಲೆ ಹಿಡಿಯಲು ಹೇಳಿ, ಇನ್ನೊಂದನ್ನು ಆಚೆ ಬಂಡೆಯ ಮೇಲೆ ತಾನು ಹಿಡಿದಳು. ದಾರ ಬಿಗಿಯಾಯಿತು. ಕಲ್ಲು ಅದರಿಂದ ಒಂದು ಗೇಣು ಕೆಳಗಿತ್ತು.

"ದಾರ ಸರಿದಿರಬೇಕ್ರಿ," ಎಂದರು ಶಿವಲಿಂಗಪ್ಪ.

"ಗುರುತಿನ ಮ್ಯಾಲೆ ನೀವ ಹಿಡದೀರಲ್ರಿ," ಎಂದು ಅವಳು ಆಚೆಯಿಂದ ಕೂಗಿದಳು. "ನೀವೂ ಸರದಿಲ್ಲ, ನಾನೂ ಸರದಿಲ್ಲ. ಮಂತ್ರಿಗಳ ಕಲ್ಲು ಸರದೈತಿ. ಹಾಸ್ಟೆಲ್ ಖಾಲಿ ಮಾಡಸ್ರಿ."

"ಮೀಟಿಂಗ್ ಕರದು, ಮ್ಯಾಲಿನವ್ರಿಗೆ ಬರದು..."

"ನೀವು ಮೀಟಿಂಗ್ ಮಾಡಿ ಸಾರ್, ನಾ ಮಕ್ಳನ್ನ ಕರ್ಕಂಡ್ ಬತ್ತೆ," ಎಂದು ಮಮತಾ ಆಗಲೇ ಇಳಿಯತೊಡಗಿದ್ದಳು.

ಸ್ವಲ್ಪ ಹೊತ್ತಿಗೆ ಹುಡುಗಿಯರು ಒಬ್ಬರ ಹಿಂದೊಬ್ಬರು ಹೊರಬಂದರು. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಹಾಸಿಗೆ. ಮೈದಾನ ದಾಟಿ ಲೈಬ್ರರಿಯ ಕಡೆ ನಡೆದರು.

ದಾಕ್ಷಾಯಿಣಿ ತನ್ನ ಕಡೆಯ ತುದಿಯನ್ನು ಬಿಟ್ಟಳು. "ಸಾಕ್ರಿ ಸರ್, ಬಿಡ್ರಿ."

ಶಿವಲಿಂಗಪ್ಪನವರು ಬಿಡಲಿಲ್ಲ. ಹುಡುಗಿಯರ ಸಾಲು ಮುಗಿಯುವವರೆಗೂ ಬಂಡೆಯ ಗುರುತಿನ ಮೇಲೆ ಹೆಬ್ಬೆರಳೊತ್ತಿ ದಾರ ಹಿಡಿದೇ ನಿಂತಿದ್ದರು.